ತಣ್ಣಗ ಅದಾವ್ರಿ

ರೊಟ್ಟಿ ಬಡಿಯುವಾಗ ನಡುವೆ ಕೈ ನಿಲ್ಲಿಸಬಾರದೆಂಬುದು ನಿಮಗೂ ಗೊತ್ತಿರುವುದೇ. ನಿಲ್ಲಿಸಿದರೆ ಜೋಳದ ಹಿಟ್ಟು ಅಂಚಿನಲ್ಲಿ ಬಿರಿಯುತ್ತದೆ. ಆ ಮುಂಜಾನೆ ನನ್ನ ಬುಟ್ಟಿಗೆ ನಾಲ್ಕು ರೊಟ್ಟಿ ಬಿದ್ದಿದ್ದವು, ಐದನೆಯದು ಹಂಚಿನ ಮೇಲಿತ್ತು. ಆಗ ಹಿತ್ತಲ ಗೋಡೆಯಾಚೆಯಿಂದ ಪಕ್ಕದ ಮನೆಯ ಶಮೀಮಾ ಕೂಗಿದಳು.

“ಅಕ್ಕಾ, ನಿಮ್ಮ ಬೆಳ್ಳಿ ಹಡದದ ನೋಡ್ರಿ! ಆರು ಮರಿ!”

ಬೆಳ್ಳಿ ನಮ್ಮ ಹೆಣ್ಣುಮೊಲ; ಅದರ ಗೂಡು ಹಿತ್ತಲ ಗೋಡೆಗೆ ಒತ್ತಿಕೊಂಡು, ಆಚೆಯಿಂದ ಶಮೀಮಾಳ ಕೈಗೂ ಎಟುಕುವಂತಿತ್ತು. ಹತ್ತಿಕುಣಿಯ ನಾದಿನಿ ಕೊಟ್ಟ ಜೋಡಿಯಲ್ಲಿ ಒಂದು. ಹೋದ ಸಲದ ಮರಿಗಳಲ್ಲಿ ಒಂದೂ ಉಳಿದಿರಲಿಲ್ಲ. ಈ ಸಲ ಒಂದಾದರೂ ಕಣ್ಣು ಬಿಡಲಪ್ಪಾ ಎಂದು ನಿತ್ಯ ಪೂಜೆಯ ಹೊತ್ತಿನಲ್ಲಿ, ಕೇಳುವುದಕ್ಕೆ ನಾಚಿಕೊಳ್ಳುತ್ತಲೇ, ಶಿವನನ್ನು ಕೇಳಿದ್ದೆ.

“ಹ್ಯಾಂಗ ಅದಾವ?” ಎಂದೆ ಕುಳಿತಲ್ಲಿಂದಲೇ.

“ತಣ್ಣಗ ಅದಾವ್ರಿ!”

ಶಿವ ಕಾಯ್ದ ಎಂದುಕೊಂಡು ನೆಮ್ಮದಿಯಿಂದ ಇನ್ನೆರಡು ರೊಟ್ಟಿ ಬಡಿದೆ.

ನಗಬೇಡಿ. ಹೊತ್ತು ಮುಳುಗಿದ ಮೇಲೂ ಗುಡ್ಡದ ಬಂಡೆಗಳು ಕಾವು ಬಿಡದ ನಮ್ಮ ಶಹಾಪುರದಲ್ಲಿ ಹಾರೈಕೆಯೆಲ್ಲ ತಂಪಿನದೇ: ಹೊಟ್ಟೆ ತಣ್ಣಗಿರಲಿ, ಮನೆ ತಣ್ಣಗಿರಲಿ. ಅದೇ ಪದ ಕೇಡನ್ನೂ ಹೊತ್ತು ಬರಬಹುದೆಂದು ನನಗೆ ಹೊಳೆಯಲೇ ಇಲ್ಲ.

“ಅಯ್ಯ ಅಕ್ಕಾ, ನಾ ಏನ್ ಹೇಳಾಕತ್ತೇನಿ, ನೀವೇನ್ ಬಡಿಯಾಕತ್ತೀರಿ! ಮರಿ ಬರಫ್ ಆಗ್ಯಾವ್ರಿ, ಒಂದೂ ಅಳ್ಳಾಡವಲ್ದು!”

ಓಡಿದೆ. ಹುಲ್ಲು, ಹತ್ತಿ ಹಾಸಿ ಇಟ್ಟಿದ್ದ ಹೆರಿಗೆಯ ಪೆಟ್ಟಿಗೆ ಹಾಗೆಯೇ ಇತ್ತು. ಬೇಸಿಗೆಯ ಧಗೆಗೆ ಬೆಳ್ಳಿ ಬಳಲಬಾರದೆಂದು ಹಿಂದಿನ ಸಂಜೆ ನಾನೇ ಗೂಡಿನಲ್ಲಿ ನೀರಿನಲ್ಲಿ ನೆನೆಸಿದ ಗೋಣಿಚೀಲ ಹಾಸಿದ್ದೆ. ಆಕೆ ಅದರ ಮೇಲೆಯೇ ಹಡೆದಿದ್ದಳು. ಬೆರಳುದ್ದದ, ಕೂದಲಿಲ್ಲದ ಆರು ಜೀವಗಳು ನನ್ನ ಅಂತಃಕರಣದ ತಂಪಿನಲ್ಲಿ ನೀಲಿಗಟ್ಟಿದ್ದವು.

ಮರಿಗಳನ್ನು ಸೆರಗಿನಲ್ಲಿ ಒಳಗೆ ತಂದು ಒಲೆಯ ಪಕ್ಕ ಇಡೋಣವೆಂದರೆ ಅದು ಸುಡುವ ಕಾವು. ಗೋಡೆ ಸುತ್ತಿ ಒಳಗೆ ಬಂದ ಶಮೀಮಾಳ ಕಣ್ಣೂ ನನ್ನ ಕಣ್ಣೂ ಒಟ್ಟಿಗೇ ರೊಟ್ಟಿಬುಟ್ಟಿಯ ಮೇಲೆ ಬಿದ್ದವು. ಬಿಸಿ ರೊಟ್ಟಿಗಳ ಮೇಲೆ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ಕೂಸಿನ ಸ್ನಾನದ ನೀರಿನ ಬಿಸಿ ನೋಡುವಂತೆ ಮಣಿಕಟ್ಟು ಇಟ್ಟು ನೋಡಿ, ಮರಿಗಳನ್ನು ಒರೆಸಿ ಮಲಗಿಸಿದೆವು. ಆಕೆ ತನ್ನ ದುವಾ ಹೇಳಿಕೊಂಡಳು, ನಾನು ನನ್ನ ಪಂಚಾಕ್ಷರಿ; ಯಾರ ಕೂಗು ಮೊದಲು ಮುಟ್ಟಿತೆಂದು ನಾವು ಈವರೆಗೆ ಜಗಳಾಡಿಲ್ಲ. ಬಹಳ ಹೊತ್ತಾದ ಮೇಲೆ ಒಂದು ಹೊಟ್ಟೆ, ಕುದಿ ಹತ್ತುವ ಬೇಳೆಯ ಗುಳ್ಳೆಯಂತೆ, ಸಣ್ಣಗೆ ಉಬ್ಬಿತು. ಆಮೇಲೆ ಇನ್ನೊಂದು.

ಸ್ನಾನ ಮುಗಿಸಿ ಬಂದ ಯಜಮಾನರು ಬುಟ್ಟಿಗೆ ಕೈ ಹಾಕಹೋದರು. 

“ಅಯ್ಯ, ಮುಟ್ಟಬ್ಯಾಡ್ರಿ! ರೊಟ್ಟಿ ಹಾಸಿಗಿ ಆಗ್ಯಾವ.”

“ಮತ್ತ ನನಗ?”

“ನಿನ್ನಿ ಅನ್ನ ಅದ.”

“ಭಾರಿ ಮನಿ ಬಿಡು! ಮೊಲಕ್ಕ ಬಿಸಿ ರೊಟ್ಟಿ, ಗಂಡಗ ತಂಗಳ!” ಎಂದವರು ತಾವೇ ಬುಟ್ಟಿಯನ್ನು ಬೆಕ್ಕಿಗೆ ಸಿಗದ ಕಡೆ ಸರಿಸಿಟ್ಟರು.

ನಾಲ್ಕು ಎಚ್ಚೆತ್ತವು. ಎರಡು ಏಳಲಿಲ್ಲ. ಇನ್ನೆರಡು ರೊಟ್ಟಿ ಬಡಿದ ಆ ಹೊತ್ತಿಗೂ ಈ ಎರಡು ಮರಿಗಳಿಗೂ ಲೆಕ್ಕ ಕೂಡಿಸಬಾರದೆಂದು ಶಮೀಮಾ ಬೈದಳು. ಮನಸ್ಸು ಕೂಡಿಸಿಯೇ ಕೂಡಿಸಿತು.

ನಾಲ್ಕನ್ನೂ ಪೆಟ್ಟಿಗೆಯಲ್ಲಿಟ್ಟಾಗ ಬೆಳ್ಳಿ ಮೂಸಿ ನೋಡಿ, ತನ್ನ ಎದೆಯ ತುಪ್ಪಳವನ್ನು ತಾನೇ ಕಿತ್ತು ಅವುಗಳಿಗೆ ಹೊದಿಸಿದಳು. ಮರುದಿನ ಮುಂಜಾನೆ ಎಣಿಸಿದರೆ ಐದು! ಮತ್ತೆ ಎಣಿಸಿದೆ, ಐದೇ. ಒಂದು ದಿನ ತಡವಾಗಿ, ಅದೇ ಬಸಿರಿನ ಇನ್ನೊಂದು ಮರಿ ತುಪ್ಪಳದ ನಡುವೆ ಬೆಚ್ಚಗೆ ಹುಟ್ಟಿತ್ತು. ಅದು ಒಳಗೆ ಯಾಕೆ ಉಳಿದಿತ್ತು? ಹಾಸಿಗೆ ಸಿದ್ಧವಾಗಲೆಂದು ಕಾದಿತ್ತೇ, ಇಲ್ಲವೇ ತಾಯಿಯೇ ತಡೆದಿದ್ದಳೇ? ಶಿವನ ಅಡುಗೆಮನೆಯಲ್ಲಿ ಯಾವ ಹಂಚು ಯಾವಾಗ ಕಾಯುತ್ತದೋ, ಬಲ್ಲವರು ಯಾರು! ನನ್ನ ತಪ್ಪಿನ ನಂತರವೂ ಒಂದನ್ನು ಎತ್ತಿಟ್ಟಿದ್ದನಲ್ಲ, ನನಗೆ ಅಷ್ಟು ಸಾಕು.

“ಇವತ್ತ ಹ್ಯಾಂಗ ಅದಾವ್ರಿ ಅಕ್ಕಾ?” ಗೋಡೆಯಾಚೆಯಿಂದ ಶಮೀಮಾ.

‘ತಣ್ಣಗ’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿದೆ. 

“ಬೆಚ್ಚಗ ಅದಾವಬೇ, ಐದೂ!”

“ಐದಾ?” ಎಂದು ಆಕೆ ಗೋಡೆ ಸುತ್ತಿ ಓಡಿ ಬರುವ ಚಪ್ಪಲಿಯ ಸದ್ದು ಕೇಳಿತು. ಒಳಗೆ ಎಸರು ಉಕ್ಕುತ್ತಿತ್ತು. ಹೋಗಿ ಹಿಟ್ಟು ಕಲಸಲು ಕುಳಿತೆ, ಈ ಸಲ ಹಿತ್ತಲ ಬಾಗಿಲಿಗೆ ಮುಖ ಮಾಡಿ.