ಟಿಣ್ ಎನ್ನುವ ಕೊಂಡಿ

ಪಕ್ಕದ ಮನೆಯ ಆಂಟಿ ಗಾಬರಿಯಿಂದ ಫೋನ್ ಮಾಡಿದರು. "ಏನಮ್ಮಾ, ನಿಮ್ಮ ಹಸ್ಬೆಂಡ್ ಹಿಂದಿನ ಮರದಲ್ಲಿ ನೇತಾಡ್ತಿದಾರೆ, ಬೇಗ ಹೋಗಿ ನೋಡು!"

"ಹೆದರ್ಕೋಬೇಡಿ ಆಂಟಿ, ಅದು ಅವರ ಹಾಬಿ" ಎಂದೆ. ಅಮೆರಿಕದ ಮಾರಿಸ್‌ವಿಲ್‌ನ ನಮ್ಮ ಸಾಲುಮನೆಗಳಲ್ಲಿ ಗಂಡಸರು ಕ್ರಿಕೆಟ್ ಆಡುತ್ತಾರೆ, ಗ್ರಿಲ್ ಹಚ್ಚುತ್ತಾರೆ. ನನ್ನ ಗಂಡ ಮಾತ್ರ ಮರಕ್ಕೆ ಜೋತು ಬೀಳುತ್ತಾರೆ.

ಕೋವಿಡ್ ಕಾಲದಲ್ಲಿ ಆಫೀಸು ಮುಚ್ಚಿದಾಗ ಇವರ ಟೀಮಿನ ಅಮೆರಿಕನ್ ಗೆಳೆಯನೊಬ್ಬ ಇವರನ್ನು ತನ್ನ ಜಮೀನಿನ ಕಾಡಿಗೆ ಕರೆದುಕೊಂಡು ಹೋಗಿ ಬಿಲ್ಲು ಹಿಡಿಯುವುದನ್ನು ಕಲಿಸಿದ. ಅಂದಿನಿಂದ ಹಿಡಿದ ಹುಚ್ಚು ಜಿಂಕೆ ಬೇಟೆ. ಸೊಂಟಕ್ಕೂ ತೊಡೆಗೂ ಅಗಲವಾದ ಪಟ್ಟಿ ಬಿಗಿದು, ಅದನ್ನು ಹಗ್ಗ, ಲೋಹದ ಕೊಂಡಿಗಳಿಂದ ಮರದ ಕಾಂಡಕ್ಕೆ ಸಿಕ್ಕಿಸಿ, ಕಾಲ ಕೆಳಗೆ ಒಂದು ಪುಟ್ಟ ಲೋಹದ ಹಲಗೆ ಕಟ್ಟಿಕೊಂಡು ಎತ್ತರದಲ್ಲಿ ಕೂರಬೇಕು. ಆ ಪಟ್ಟಿಗೆ ಟ್ರೀ ಸ್ಯಾಡಲ್ ಎನ್ನುತ್ತಾರೆ. ಜಿಂಕೆಗಳೇನೋ ಬರುತ್ತಿದ್ದವಂತೆ. ಇವರು ಸ್ವಲ್ಪ ಹೊರಳಿದರೆ ಸಾಕು, ತಲೆಯೆತ್ತಿ ಮಾಯವಾಗುತ್ತಿದ್ದವಂತೆ. ಇವರು ಗಾಳಿಯನ್ನು ಬೈದರು, ಬೂಟನ್ನು ಬೈದರು, ಕೊನೆಗೆ ನನ್ನ ಇಂಗಿನ ಒಗ್ಗರಣೆಯ ವಾಸನೆ ಜಾಕೆಟ್ಟಿಗೆ ಹತ್ತಿದೆ ಎಂದು ನನ್ನನ್ನೇ ಬೈದರು. ಆ ದಿನ ಹಿತ್ತಿಲ ಓಕ್ ಮರದಲ್ಲಿ ನಡೆದಿದ್ದದ್ದು ಅಭ್ಯಾಸ.

ಫೋನ್ ಇಟ್ಟು ಮರದ ಕೆಳಗೆ ಹೋದರೆ, ಜಿಂಕೆಗಳು ಮಾಯವಾಗುವ ಕಾರಣ ಅಲ್ಲೇ ಕೇಳಿಸಿತು.

"ರೀ, ಏನ್ರೀ ಅದು ಟಿಣ್ ಟಿಣ್ ಅಂತಿರೋದು?"

"ಯಾವುದು?"

"ನಿಮ್ಮ ಸೊಂಟದ ಹತ್ರ. ಆ ಕೊಂಡಿ ಬಕಲ್‌ಗೆ ತಾಗ್ತಿದೆ."

ಬೇಕೆಂದೇ ಅಲುಗಾಡಿಸಿದರು. ಟಿಣ್. "ಈಗ?" ಎಂದರು. ಈಗಲೂ ಎಂದೆ. "ಸುಮ್ನಿರೇ, ಏನೂ ಕೇಳಿಸ್ತಿಲ್ಲ."

ತಮಾಷೆ ಮಾಡುತ್ತಿರಲಿಲ್ಲ. ಬಟ್ಟೆ ಒಣಗಿಸುವ ಡ್ರೈಯರ್ ಪೀಂಗುಟ್ಟಿದರೂ ಏಳುತ್ತಿರಲಿಲ್ಲ, ಅಡುಗೆಮನೆಯಿಂದ ಕರೆದರೆ ಓಗೊಡುತ್ತಿರಲಿಲ್ಲ; ಅದನ್ನೆಲ್ಲ ನಾನು ಜಾಣಕಿವುಡು ಎಂದು ಆಡಿಕೊಂಡು ನಕ್ಕಿದ್ದೆ. ಅದರಲ್ಲಿ ಜಾಣತನ ಇರಲೇ ಇಲ್ಲ.

"ಒಂದ್ಸಲ ಕಿವಿ ಟೆಸ್ಟ್ ಮಾಡಿಸ್ಕೊಳ್ಳಿ" ಎಂದದ್ದೇ ತಡ, ಇವರ ಮುಖ ಊದಿತು. "ನನ್ನ ಕಿವಿಗೇನಾಗಿದೆ? ನಿನ್ನದೇ ಅತಿ ಚುರುಕು" ಎಂದು ಮರದಿಂದ ಇಳಿದು ಒಳಗೆ ಹೋದರು. ಮತ್ತೆ ಆ ಮಾತೆತ್ತಿದರೆ ಜಗಳವೇ. ಒಪ್ಪಿಕೊಳ್ಳದ ಮನುಷ್ಯನನ್ನು ಡಾಕ್ಟರ ಹತ್ತಿರ ಎಳೆದೊಯ್ಯುವುದು ಹೇಗೆ? ಕೇಳಿಸದ್ದಕ್ಕೆಲ್ಲ ಸುಮ್ಮನೆ ನಗುತ್ತ, ನಗುತ್ತ, ಇವರು ನಮ್ಮಿಂದ ದೂರ ಸರಿದುಬಿಡುತ್ತಾರೆ ಎಂದು ನನಗೆ ನಿಜವಾಗಿ ಭಯವಾಯಿತು.

ಕಿವಿಯ ಮಾತು ಬಿಟ್ಟು ಕೊಂಡಿಯ ಮಾತೆತ್ತಿದೆ. "ಸರಿ, ಆ ಸಾಮಾನೆಲ್ಲ ಕೊಡಿ, ನಾನು ಸದ್ದು ಅಡಗಿಸ್ತೀನಿ."

ಮೈಸೂರಿನಲ್ಲಿ ಚಿಕ್ಕಂದಿನಲ್ಲಿ ನಾನು ಭರತನಾಟ್ಯ ಕಲಿತವಳು. ಪರದೆಯ ಪಕ್ಕ ಕಾಯುವಾಗ ಗೆಜ್ಜೆ ಒಂದು ಚೂರು ಘಲ್ ಎಂದರೂ ಟೀಚರ್ ಕಣ್ಣಲ್ಲೇ ಸುಡುತ್ತಿದ್ದರು. ಗೆಜ್ಜೆಯ ಮೇಲೆ ಹಳೆಯ ಕಾಲುಚೀಲದ ತುಂಡು ಎಳೆದುಕೊಂಡು ನಿಲ್ಲುತ್ತಿದ್ದೆವು. ಸಡಿಲವಾಗಿರುವುದೇ ಸದ್ದು ಮಾಡುತ್ತದೆ ಎಂದು ಆಗಲೇ ಕಲಿತಿದ್ದೆ.

ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿಕೊಂಡು, ಒಂದೊಂದನ್ನೇ ಇನ್ನೊಂದಕ್ಕೆ ತಾಗಿಸಿ ಕೇಳಿದೆ. ಕೊಂಡಿಗಳ ಬೆನ್ನಿಗೆ ಬಟ್ಟೆಯ ಟೇಪ್ ಸುತ್ತಿದೆ. ಬಕಲ್‌ಗಳಿಗೆ ಸೀರೆಯ ಫಾಲ್‌ನಿಂದ ಪುಟ್ಟ ಚೀಲ ಹೊಲಿದೆ. ಕಾಲಿಡುವ ಹಲಗೆಯ ಅಂಚಿಗೆ ಹಳೆಯ ಯೋಗಾ ಮ್ಯಾಟ್ ಕತ್ತರಿಸಿ ಅಂಟಿಸಿದೆ. ಇವರು ಪಕ್ಕದಲ್ಲೇ ನಿಂತು ಕಾಟ ಕೊಟ್ಟರು: "ಕೊಂಡಿಯ ಬಾಯಿಗೆ ಸುತ್ತಬೇಡ ಕಣೇ, ಲಾಕ್ ಆಗ್ಲಿಲ್ಲ ಅಂದ್ರೆ ನಾನು ನೆಲಕ್ಕೆ! ಹಗ್ಗ ಕೂರೋ ಜಾಗಾನೂ ಹಾಗೇ ಬಿಡು." ಬಿಟ್ಟೆ. ಮತ್ತೆ ಹಿತ್ತಿಲಲ್ಲಿ ಇವರು ಮರಕ್ಕೆ ಜೋತುಬಿದ್ದು ಅದರ ಸುತ್ತ ತಿರುಗಿದರು, ನಾನು ಕಣ್ಣು ಮುಚ್ಚಿ ಕೇಳಿದೆ. ಎಲ್ಲಿ ಟಿಣ್ ಎಂದಿತೋ ಅಲ್ಲಿ ಇನ್ನೊಂದು ಸುತ್ತು ಟೇಪ್. ಕೊನೆಗೆ ಏನೂ ಕೇಳಿಸಲಿಲ್ಲ. ಅದು ಕೆಲಸ ಮಾಡುತ್ತದೋ ಇಲ್ಲವೋ ನೋಡಲು ನಾನೂ ಕಾಡಿಗೆ ಹೊರಟೆ.

ಎಲೆ ಉದುರಿದ ಕಾಲ. ಬಳೆ ತೆಗೆದಿಟ್ಟು, ಬೇರೆ ಬೇಟೆಗಾರರಿಗೆ ಕಾಣಲೆಂದು ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು ಮರದ ಬುಡದಲ್ಲಿ ಕುಳಿತೆ. ಹತ್ತುವ ಮುಂಚೆ ಇವರು ಬಿಲ್ಲನ್ನು ಮೇಲಕ್ಕೆಳೆಯುವ ದಾರದ ತುದಿಯನ್ನು ನನ್ನ ಕೈಗೆ ಕೊಟ್ಟರು. ನನ್ನ ಮುಖ ನೋಡಲಿಲ್ಲ.

"ಇನ್ನೊಂದು ತುದಿ ನನ್ನ ಬೆಲ್ಟಿಗೆ ಕಟ್ಕೊಂಡಿರ್ತೀನಿ. ಎಲೆ ಸದ್ದು ಏನಾದ್ರೂ ಬಂದ್ರೆ ಎಳಿ. ನನಗೆ... ಗೊತ್ತಾಗಲ್ಲ."

ಅಷ್ಟೇ ಹೇಳಿ ಹತ್ತಿದರು. ಆ ದಾರವನ್ನು ನಾನು ಎರಡೂ ಕೈಯಲ್ಲಿ ಹಿಡಿದುಕೊಂಡೆ.

ಅಂಥ ನಿಶ್ಶಬ್ದದಲ್ಲಿ ನಾನು ಹಿಂದೆಂದೂ ಕುಳಿತಿರಲಿಲ್ಲ. ತಲೆಯ ಮೇಲೆ ಒಬ್ಬ ದೊಡ್ಡ ಗಂಡಸು ಅಷ್ಟೆಲ್ಲ ಲೋಹ ಹೊತ್ತು ತೂಗಾಡುತ್ತಿದ್ದರೂ, ಓಕ್ ಕಾಯಿಯೊಂದು ಕೊಂಬೆಯಿಂದ ಕೊಂಬೆಗೆ ತಾಗಿ ನೆಲಕ್ಕೆ ಬೀಳುವುದು ಪೂರ್ತಿ ಕೇಳಿಸುತ್ತಿತ್ತು. ಸಂಜೆಯಾಗುತ್ತ ಬಂದಾಗ ಹಿಂದಿನಿಂದ ಚರ್ ಚರ್ ಎಂದಿತು. ದಾರ ಎಳೆದೆ. ಇವರು ಕಾಂಡದ ಸುತ್ತ ನಿಧಾನವಾಗಿ ತಿರುಗಿದರು. ಕೊಂಡಿ, ಬಕಲ್, ಹಲಗೆ, ಒಂದೂ ಉಸಿರೆತ್ತಲಿಲ್ಲ.

ಕೊಂಬಿನ ಜಿಂಕೆ ನಮ್ಮ ಮರದ ಹತ್ತಿರವೇ ಬಂತು. ಅದು ಓಕ್ ಕಾಯಿ ಅಗಿಯುವುದು, ಮೂಗಿನಿಂದ ಉಸಿರು ಬಿಡುವುದು, ಎಲ್ಲ ನನಗೆ ಕೇಳಿಸುತ್ತಿತ್ತು. ಅದರ ಕಿವಿ ಮಾತ್ರ ಒಂದು ಕ್ಷಣವೂ ಸುಮ್ಮನಿರದೆ ಅತ್ತ ಇತ್ತ ತಿರುಗುತ್ತಿತ್ತು. ಇಡೀ ಕಾಡನ್ನು ಕೇಳಿಸಿಕೊಳ್ಳುವ ಆ ಪ್ರಾಣಿಗೆ ನಾವು ಕೇಳಿಸಲಿಲ್ಲ! ನಾನು ಮೈಮರೆತು ನೋಡುತ್ತಿದ್ದೆ. ಇವರು ಬಾಣ ಬಿಟ್ಟರು. ಅದು ಸ್ವಲ್ಪ ದೂರ ಓಡಿ ಬಿತ್ತು. ಮಟನ್ ಸಾರು ಉಂಡೇ ಬೆಳೆದವಳು ನಾನು. ಆದರೂ ಅದರ ಬೆಚ್ಚಗಿನ ಕಿವಿ ಮುಟ್ಟಿದಾಗ ಅಳು ಬಂತು, ತಡೆಯಲಿಲ್ಲ.

ವಾಪಸು ಡ್ರೈವ್ ಮಾಡುವಾಗ ಇವರೇ ಹೇಳಿದರು. "ಅಪಾಯಿಂಟ್‌ಮೆಂಟ್ ತಗೋ."

ಸಣ್ಣ, ಚೂಪಾದ ಸದ್ದುಗಳೇ ಇವರಿಗೆ ಕೇಳಿಸದಂತಾಗಿಬಿಟ್ಟಿವೆ ಎಂದರು ಡಾಕ್ಟರು. ಕಿವಿಗೆ ಮಷಿನ್ ಹಾಕಿಸಿಕೊಂಡು ಬಂದ ದಿನ ಇವರು ನೇರ ಗ್ಯಾರೇಜಿಗೆ ಹೋಗಿ, ಒಂದು ಕೊಂಡಿಯ ಟೇಪ್ ಬಿಚ್ಚಿ ಬಕಲ್‌ಗೆ ತಾಗಿಸಿದರು. ಟಿಣ್. ಮತ್ತೆ ತಾಗಿಸಿದರು.

"ಇಷ್ಟು ಜೋರಾಗಿತ್ತೇನೇ?"

"ಹೂಂ ರೀ."

"ಪಾಪ, ಆ ಜಿಂಕೆಗಳು" ಎಂದು ನಕ್ಕರು. ಕೊಂಡಿ ತೆಗೆದುಕೊಳ್ಳಲು ನಾನು ಕೈ ಚಾಚಿದಾಗ ಬಳೆ ಕಿಣಿ ಎಂದಿತು. ಇವರು ತಟಕ್ಕನೆ ನನ್ನ ಕೈ ನೋಡಿದರು.

"ಬಳೆ ಹೊಸದಾ?"

"ಮದುವೇದು ರೀ" ಎಂದೆ.