ಚೀನೀ ಪಲ್ಯ ಮತ್ತು ನನ್ನ ಸೋಮವಾರ

ನಾಲಿಗೆಗೆ ಗೊತ್ತಿಲ್ಲದ ಅಡುಗೆಯೊಂದನ್ನು ನಾನು ನಾಲ್ಕಾರು ವರ್ಷದಿಂದ ಮಾಡುತ್ತಿದ್ದೇನೆ. ನಾನು ಮಾಡಿದ್ದನ್ನು ನಾನು ತಿಂದಿದ್ದೇನೆ, ಅದು ಬೇರೆ ಮಾತು. ಅಸಲಿನದು ಗೊತ್ತಿರುವುದು ನನ್ನ ಮೂಗಿಗೆ ಮಾತ್ರ. ಮೂಗನ್ನು ನಂಬಿ ಒಲೆ ಹೊತ್ತಿಸುವ ಹೆಂಗಸು ಇಡೀ ಅಕ್ಕಲಕೋಟದಲ್ಲಿ ನಾನೊಬ್ಬಳೇ ಇರಬೇಕು.

ಅಡುಗೆ ಚೀನಾದ್ದು. ಗಜ್ಜರಿ, ಕೋಬಿ, ಉಳ್ಳಾಗಡ್ಡಿಯ ತಪ್ಪಲು ಎಲ್ಲವನ್ನೂ ಸಣ್ಣ ಕಡ್ಡಿಯಂತೆ ಹೆಚ್ಚಿ, ಹೊಗೆಯಾಡುವ ಶೇಂಗಾ ಎಣ್ಣೆಗೆ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ, ನಾಲ್ಕು ಸಲ ಮೇಲೆ ಕೆಳಗೆ ಮಾಡಿ ಇಳಿಸುವುದು. ಇಳಿಸಿದ ಕೂಡಲೇ ತಿನ್ನಬೇಕು, ತಡವಾದರೆ ಮೆತ್ತಗಾಗುತ್ತದೆ. ಹೇಳಲು ಇಷ್ಟೇ. ಆದರೆ ಹುಟ್ಟಿದಾಗಿನಿಂದ ನಮ್ಮ ಪಲ್ಯ ಮಾಡಿದ ಕೈ ಕೇಳಬೇಕಲ್ಲ? ಅದು ತಾನಾಗಿ ಮುಚ್ಚಳ ಹುಡುಕುತ್ತದೆ, ನೀರು ಚಿಮುಕಿಸುತ್ತದೆ, ಕೊನೆಗೆ ಶೇಂಗಾ ಪುಡಿ ಉದುರಿಸದೆ ಬಿಡುವುದಿಲ್ಲ. ಮುಂಬಯಿಯಲ್ಲಿ ಓದುವ ನನ್ನ ಮೈದುನ, ಅಲ್ಲಿನ ಹೋಟೆಲುಗಳಲ್ಲಿ ಇಂಥದಕ್ಕೆ ಚಾಪ್ ಸೂಯಿ ಎನ್ನುತ್ತಾರೆ, ಅದಿಷ್ಟು ಇದಿಷ್ಟು ಚೂರುಪಾರು ಎಂದು ಅರ್ಥ ಎಂದ. ಹಾಗಾದರೆ ಸಂಕ್ರಾಂತಿಯ ಹಿಂದಿನ ದಿನ ಭೋಗಿಗೆ ಸಿಕ್ಕ ಕಾಯಿಯನ್ನೆಲ್ಲ ಕೂಡಿಸಿ ಬೇಯಿಸುವ ನಾವೇ ಅದನ್ನು ಮೊದಲು ಕಂಡುಹಿಡಿದಿರಬೇಕು ಎಂದು ವಾದಿಸಿದೆ. ಅವನು ಒಂದು ತುತ್ತು ತಿಂದು ತೀರ್ಪು ಕೊಟ್ಟ: “ವೈನಿ, ಇದು ಚೀನಾದ್ದಲ್ರಿ. ನಮ್ಮ ಭೋಗಿ ಪಲ್ಯಾನ ಓಡಿಸ್ಕೋತ ತಂದಂಗ ಐತಿ.”

ಇದನ್ನು ನಾನು ನೋಡಿ ಕಲಿತದ್ದು ಒಬ್ಬ ಚೀನೀ ರೇಷ್ಮೆ ವ್ಯಾಪಾರಿಯಿಂದ. ವರ್ಷಕ್ಕೊಮ್ಮೆ ಸೋಲಾಪುರದಲ್ಲಿ ಬೀಡುಬಿಟ್ಟು, ಬಟ್ಟೆಯ ಗಂಟು ಹೊತ್ತು ನಮ್ಮೂರಿಗೂ ಬರುತ್ತಿದ್ದ. ಮಾರಾಟ ಮುಗಿದ ಮೇಲೆ ನಮ್ಮ ಕಟ್ಟೆಯ ಬದಿಗೆ ಮೂರು ಕಲ್ಲು ಹೂಡಿ ತನ್ನ ಪುಟ್ಟ ಬಾಣಲೆ ಇಡುತ್ತಿದ್ದ. ಅವನ ಬಾಣಲೆಗೆ ಬೇಕಾದ ಹಸಿ ಕಾಯಿಪಲ್ಯದ ಜೊತೆಗೆ ನಾನು ಎರಡು ಬಿಸಿ ರೊಟ್ಟಿ, ಶೇಂಗಾ ಹಿಂಡಿ ಎಂಬ ಖಾರದ ಚಟ್ನಿಪುಡಿ ಕೊಡುತ್ತಿದ್ದೆ. ಯಾರ ಕೈಯದು, ಯಾವ ಜಾತಿಯದು ಎಂದು ಕೇಳದೆ, ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಎಲ್ಲ ತಿಂದು ಮುಗಿಸುತ್ತಿದ್ದ.

ಮೊದಲ ವರ್ಷ ಅವನು ತಾನು ಮಾಡಿದ್ದರಲ್ಲಿ ಅರ್ಧವನ್ನು ಮುತ್ತಲ ಎಲೆಗೆ ಹಾಕಿ ನನ್ನ ಮುಂದೆ ಹಿಡಿದ. ಆ ವಾಸನೆಗೆ ನನ್ನ ಬಾಯಲ್ಲಿ ನೀರೂರಿತ್ತು. ಬಾಗಿಲ ಹಿಂದಿನಿಂದ ಅತ್ತೆ ಮೆಲ್ಲಗೆ ಅಂದರು: “ಒಲ್ಲೆ ಅನಬ್ಯಾಡ, ಮಂದಿಗಿ ನೋವಾಗತೈತಿ. ವಾರ ಹಿಡದೀನಿ ಅನ್ನು.” ನಮ್ಮಲ್ಲಿ ಬೇಡದ ಊಟಕ್ಕೆ ಇರುವ ಮರ್ಯಾದೆಯ ದಾರಿ ಅದೇ. ದೇವರ ಹೆಸರು ಹೇಳಿದರೆ ಯಾರೂ ಎದುರಾಡುವುದಿಲ್ಲ. ಅಂದು ಸೋಮವಾರ. ನನಗೆ ಸೋಮವಾರ ಉಪವಾಸ ಎಂದೆ. ಅವನು ತಲೆಯಾಡಿಸಿ ಒಬ್ಬನೇ ಉಂಡ.

ಮರುವರ್ಷ ಅವನು ಬಂದದ್ದು ಮಂಗಳವಾರ. ನನ್ನ ಸೋಮವಾರ ತಪ್ಪಿಸಲೆಂದೇ ಸೋಲಾಪುರದಲ್ಲಿ ಒಂದು ದಿನ ಹೆಚ್ಚು ನಿಂತೆ ಎಂದು ತನ್ನ ಹರುಕು ಹಿಂದೂಸ್ತಾನಿಯಲ್ಲಿ ಖುಷಿಯಿಂದ ಹೇಳಿ ಎಲೆ ಚಾಚಿದ. ಅತ್ತೆ ಬಾಗಿಲಲ್ಲೇ ನಿಂತಿದ್ದರು. ತುಳಜಾಪುರದ ದೇವಿ ಅವ್ವನಿಗಾಗಿ ಮಂಗಳವಾರವೂ ಹಿಡಿದಿದ್ದೇನೆ ಎಂದೆ. ಅತ್ತೆಯ ಮೇಲೆ ಹೊರಿಸಿದರೆ ಸುಲಭ, ಆದರೆ ಸುಳ್ಳು ನನ್ನದೇ. ಆ ಹೊತ್ತಿನ ನಾಚಿಕೆ ಈಗಲೂ ನನ್ನನ್ನು ಸುಡುತ್ತದೆ.

ಮೂರನೆಯ ವರ್ಷ ಬುಧವಾರ ಬಂದ. ಈ ಸಲ ಏನಾದರಾಗಲಿ, ತಿಂದೇಬಿಡುವುದು ಎಂದು ನಿಶ್ಚಯಿಸಿ ಕಾಯಿಪಲ್ಯ, ರೊಟ್ಟಿ, ಹಿಂಡಿ ತೆಗೆದುಕೊಂಡು ಕಟ್ಟೆಗೆ ಹೋದೆ. ಅವನು ಕಲ್ಲು ಹೂಡಿರಲಿಲ್ಲ. ಗಂಟು ಕಟ್ಟುತ್ತಿದ್ದವನು ರೊಟ್ಟಿಯನ್ನು ನೋಡಿ ಎರಡೂ ಕೈ ಜೋಡಿಸಿದ.

“ಬಾಯೀ, ಆಜ್ ಹಮ್‌ಕೋ ಭೀ ಉಪಾಸ್.”

ಇವತ್ತು ನನಗೂ ಉಪವಾಸ. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಎರಡು ವರ್ಷ ಕಲಿಸಿದ ಮರ್ಯಾದೆಯನ್ನು ಪಾಠ ಒಪ್ಪಿಸುವಂತೆ ಒಪ್ಪಿಸಿ ಹೋದ. ಆಮೇಲೆ ಬರಲಿಲ್ಲ. ಅವನ ದೇಶದಲ್ಲಿ ಯುದ್ಧ ಎಂದು ಪತ್ರಿಕೆ ಓದುವವರು ಹೇಳಿದರು.

ಆಡಿದ ಸುಳ್ಳನ್ನಾದರೂ ನಿಜ ಮಾಡೋಣವೆಂದು ಈಗ ಸೋಮವಾರ, ಮಂಗಳವಾರ ಎರಡನ್ನೂ ಹಿಡಿದಿದ್ದೇನೆ. ಅತ್ತೆಗೆ ಸೊಸೆಯ ಭಕ್ತಿ ಕಂಡು ಬಲು ಸಂತೋಷ. ಬುಧವಾರ ಮಾತ್ರ ಬಾಣಲೆ ಇಟ್ಟು, ಮುಚ್ಚಳವನ್ನು ಕೈಗೆ ಸಿಗದಂತೆ ಅಟ್ಟದ ಮೇಲೆ ಎಸೆದು, ಇಳಿಸಿದ ಕೂಡಲೇ ತಿನ್ನುತ್ತೇನೆ. ರುಚಿ ಸರಿಯೋ ತಪ್ಪೋ ಹೇಳಬಲ್ಲವನು ಒಬ್ಬನೇ ಇದ್ದ. ಅವನಿಗೆ ನನ್ನ ಮನೆಯಲ್ಲಿ ಇನ್ನೂ ಉಪವಾಸ.