ಕೇಳದೆ ತಿದ್ದಿದವನು

ಸೋಮೇಶ ತೀರಿಕೊಂಡು ಇಂದಿಗೆ ಒಂದು ತಿಂಗಳು ನಾಲ್ಕು ದಿನ. ಮಣ್ಣಿಗೆ ಬಂದವರೆಲ್ಲ ಅವನ ಒಳ್ಳೆಯತನದ ಮಾತಾಡಿದರು. ನನಗೆ ನೆನಪಾಗುತ್ತಿದ್ದದ್ದು ಬೈಕಿನ ಹಿಂದೆ ಕುಳಿತು ನನ್ನ ಬೆನ್ನಿಗೆ ಗುದ್ದುತ್ತಿದ್ದ ಅವನ ಕೈ. "ಹೊಡಿಯಲೇ ಹೊನ್ಯಾ, ಹೊಡಿ! ಐದಕ್ಕ ಬಾಗಲಾ ಹಾಕ್ತಾರ!" ನಲವತ್ತು ವರ್ಷದ ಗೆಳೆತನದಲ್ಲಿ ನಾವು ಅಷ್ಟು ಜೋರಾಗಿ ಎಲ್ಲಿಗೂ ಹೋಗಿರಲಿಲ್ಲ. ಆ ಒಂದು ದಿನವನ್ನು ಬರೆದಿಡುತ್ತೇನೆ.

ನಾವಿಬ್ಬರೂ ಲಕ್ಷ್ಮೇಶ್ವರದವರು. ನಾನು ಗದಗಿಗೆ ಅಂಟಿಕೊಂಡ ಬೆಟಗೇರಿಯ ಗ್ರಂಥಾಲಯವೊಂದರ ಕೆಲಸಕ್ಕೆ ಬಂದೆ. ಅವನು ಅದೇ ಓಣಿಯ ಪುಂಡಲೀಕಪ್ಪನವರ ಪ್ರೆಸ್ಸಿಗೆ ಮಷಿನ್ ನಡೆಸಲು ಬಂದ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಕ್ಯಾಲೆಂಡರು ಎಲ್ಲವೂ ಅಲ್ಲಿ ಅವನ ಕೈಯಿಂದಲೇ ಹೊರಬೀಳುತ್ತಿದ್ದವು. ಮಷಿನ್ನಿನ ಸದ್ದು ಒಂದು ಕೂದಲೆಳೆ ಬದಲಾದರೂ ಅವನಿಗೆ ಗೊತ್ತಾಗುತ್ತಿತ್ತು. ತಪ್ಪು ಕಂಡರೆ ಅವನಿಗೆ ತಡೆಯಲಾಗುತ್ತಿರಲಿಲ್ಲ. ಹೋಟೆಲಿನ ಗೋಡೆಯ ದರಪಟ್ಟಿಯನ್ನೂ ತಿದ್ದಿ ಬರುತ್ತಿದ್ದ.

ಕೆಲಸ ಕಳೆದದ್ದೂ ಅದರಿಂದಲೇ. ಮುಂಡರಗಿಯ ವ್ಯಾಪಾರಿಯೊಬ್ಬರ ಮಗಳ ಲಗ್ನಪತ್ರಿಕೆಯಲ್ಲಿ 'ಹದಿನಾಲ್ಕು, ಗುರುವಾರ' ಎಂದಿತ್ತು. ಹದಿನಾಲ್ಕು ಬುಧವಾರ. ಪ್ರೂಫಿಗೆ ಗಿರಾಕಿಯ ಸಹಿ ಆಗಿತ್ತು. ಸಹಿ ಆದ ಮೇಲೆ ತಪ್ಪು ಗಿರಾಕಿಯದು, ತಿದ್ದಬೇಕೆಂದರೆ ಅವರನ್ನೇ ಕೇಳಿ ಪಕ್ಕದಲ್ಲಿ ಮತ್ತೆ ಸಹಿ ಪಡೆಯಬೇಕು. ಬೆಟಗೇರಿಯ ಪ್ರೆಸ್ಸುಗಳಲ್ಲಿ ಇದು ಕಲ್ಲಿನಲ್ಲಿ ಕೊರೆದ ರೂಢಿ. ಸೋಮೇಶ ಫೋನು ಮಾಡಿದ, ಅವರು ಎತ್ತಲಿಲ್ಲ. ವಾರ ಸರಿ ಇರಬೇಕು, ತಾರೀಖು ತಪ್ಪಿರಬೇಕು ಎಂದುಕೊಂಡು ಹದಿನಾಲ್ಕನ್ನು ಹದಿನೈದು ಮಾಡಿ ಹೊಡೆದುಬಿಟ್ಟ. ಲಗ್ನ ಇದ್ದದ್ದು ಹದಿನಾಲ್ಕಕ್ಕೇ. ಕಾರ್ಡುಗಳು ಹಂಚಿಹೋಗಿದ್ದವು. ಎಷ್ಟು ಮಂದಿಗೆ ಫೋನು ಮಾಡಿ ಹೇಳಿದರೂ ಹದಿನೈದರ ಬೆಳಿಗ್ಗೆ ನೂರು ಜನ ಹೊಸ ಬಟ್ಟೆ ಉಟ್ಟು ಉಡುಗೊರೆ ಹಿಡಿದು ಬಂದಾಗ ಹಂದರ ಬಿಚ್ಚುತ್ತಿದ್ದರಂತೆ.

ಪುಂಡಲೀಕಪ್ಪನವರು ಅವತ್ತೇ ಅವನನ್ನು ಹೊರಗೆ ಹಾಕಿದರು. "ತಪ್ಪಿತ್ತೋ ಇಲ್ಲೋ? ನಾ ತಿದ್ದೀನಿ" ಎಂದು ಸೋಮೇಶನೂ ಸೆಟೆದು ನಿಂತ. ಕಥೆ ಗದಗಿನ ಅಷ್ಟೂ ಪ್ರೆಸ್ಸಿಗೆ ಹಬ್ಬಿತು. ಒಂಬತ್ತು ತಿಂಗಳು ಯಾರೂ ಅವನನ್ನು ಮಷಿನ್ ಮುಟ್ಟಗೊಡಲಿಲ್ಲ. ಅಷ್ಟರಲ್ಲಿ ಹೊಸದಾಗಿ ತೆರೆದ ಮುದ್ರಣ ತರಬೇತಿ ಕೇಂದ್ರದಲ್ಲಿ ಕಲಿಸುವವರು ಬೇಕೆಂಬ ಸುದ್ದಿ ಬಂತು. ಹದಿನೈದು ವರ್ಷದ ಅನುಭವ ಇರಬೇಕು. ಅವನನ್ನು ಆರಿಸಿದರು. ಉಳಿದದ್ದು ಕಾಗದಪತ್ರ ತೋರಿಸುವುದೊಂದೇ.

ನವೆಂಬರಿನ ಒಂದು ಶುಕ್ರವಾರ, ಕೊನೆಯ ದಿನ, ಬೆಳಿಗ್ಗೆ ಹನ್ನೊಂದಕ್ಕೆ ಅವನು ಗ್ರಂಥಾಲಯಕ್ಕೆ ಓಡಿ ಬಂದ. ಕೈಯಲ್ಲಿ ಹಳೆಯ ಗುರುತಿನ ಚೀಟಿ.

"ಇದು ನಡಿಯೂದಿಲ್ಲಂತಲೇ. ಮಾಲಕರ ಲೆಟರ್‌ಹೆಡ್ ಮ್ಯಾಲೆ ಅನುಭವ ಪತ್ರ ಬೇಕಂತ. ಸಹಿ, ಪ್ರೆಸ್ಸಿನ ರಬ್ಬರ್ ಶಿಕ್ಕಾ, ಎಲ್ಲಾ. ಸಂಜಿ ಐದರೊಳಗ ಇಲ್ಲಂದ್ರ ಎರಡನೇ ನಂಬರಿನವನ್ನ ಕರೀತಾರಂತ."

ಪ್ರೆಸ್ಸಿಗೆ ಹೋದೆವು. ಪುಂಡಲೀಕಪ್ಪ ಸಾಹುಕಾರರು ಇರಲಿಲ್ಲ. ಕಂಪ್ಯೂಟರಿನ ಮುಂದಿದ್ದ ವಿದ್ಯಾಶ್ರೀ ಎದ್ದು ನಿಂತಳು.

"ಮಗಳ ಕುಬಸ ಅಂತ ಶಿರಹಟ್ಟಿಗೆ ಬೀಗರ ಮನಿಗೆ ಹೋಗ್ಯಾರ್ರಿ ಅಣ್ಣಾರ. ಫೋನ್ ಎತ್ತವಲ್ರು. ಶಿಕ್ಕಾನೂ ಅವರ ಕೈಚೀಲದಾಗ ಐತಿ." ಆಮೇಲೆ ಕಪಾಟಿನಿಂದ ಲೆಟರ್‌ಹೆಡ್ಡಿನ ಎರಡು ಹಾಳೆ ತೆಗೆದುಕೊಟ್ಟಳು. "ಒಂದು ಕೆಟ್ರ ಇನ್ನೊಂದಿರಲಿ. ಜಲ್ದಿ ಹೋಗ್ರಿ."

ಹೊರಗೆ ಬಂದು ನಾನು ಮೆಲ್ಲಗೆ ಅಂದೆ, "ಹಾಳಿ ಕೈಯಾಗ ಐತಿ. ಬಸ್‌ಸ್ಟ್ಯಾಂಡ್ ಬಾಜೂಕ ಅರ್ಧ ತಾಸಿನಾಗ ಶಿಕ್ಕಾ ಮಾಡಿಕೊಡ್ತಾರ. ಸಹಿ..."

"ಆ ಸಹಿ ನನಗ ಅವರಕಿಂತ ಚಂದ ಬರ್ತೈತಿ," ಅಂದ ಸೋಮೇಶ. "ಅದಕ್ಕ ಮಾಡಂಗಿಲ್ಲ. ಕಿಕ್ ಹೊಡಿ."

ಶಿರಹಟ್ಟಿ ತಲುಪಿದಾಗ ಒಂದೂಕಾಲು. ಒಳಗೆ ಹೆಣ್ಣುಮಕ್ಕಳ ಸೀಮಂತದ ಹಾಡು, ಪಡಸಾಲೆಯಲ್ಲಿ ಗಂಡಸರ ಊಟದ ಪಂಕ್ತಿ. ಪುಂಡಲೀಕಪ್ಪನವರು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವರು ಇವನನ್ನು ಕಂಡು ಕೈ ನಿಲ್ಲಿಸಿದರು.

"ಬಂದ್ರಲ್ಲ ತಾರೀಖು ಬದಲ ಮಾಡೂ ಸಾಹೇಬ್ರು! ಬೀಗರ, ಕುಬಸ ಇವತ್ತೋ ನಾಳೆಯೋ ಇನ್ನೊಮ್ಮೆ ನೋಡಿಕೊಳ್ರಿ. ಇಂವ ಕಾಲಿಟ್ಟ ಅಂದ್ರ ಖಾತ್ರಿ ಇಲ್ಲ!"

ಪಂಕ್ತಿಯೆಲ್ಲ ನಕ್ಕಿತು. ಸೋಮೇಶನ ಕಿವಿ ಕೆಂಪಾದವು. ಬಂದ ಕೆಲಸ ಹೇಳಿದ. ಅದಕ್ಕಿಂತ ಒಂದು ಮಾತು ಹೆಚ್ಚಿಲ್ಲ.

"ತಗದು ಹಾಕಿದವನಿಗೆ ನಾ ಯಾಕ ಬರದು ಕೊಡ್ಲಿ?"

"ತಗದದ್ದು ಬ್ಯಾರೆ. ಅಷ್ಟು ವರ್ಷ ದುಡದದ್ದು ಖರೆ ಐತೋ ಇಲ್ಲೋ?"

ಮನೆಯ ಹಿರಿಯ ಫಕ್ಕೀರಪ್ಪಜ್ಜ, ಸಾಹುಕಾರರ ಬೀಗರು, ನಡುವೆ ಬಂದರು. "ಬಸುರಿ ಹೆಣ್ಣುಮಗಳ ಶುಭದಿನ ಐತಿ. ಬಾಗಲಕ್ಕ ಬಂದವರನ್ನ ಬರಿಗೈಲೆ ಕಳಸಬ್ಯಾಡ್ರಿ. ಉಂಡು ಬರದು ಕೊಟ್ಟುಬಿಡ್ರಿ. ನೀವೂ ಕುಂಡ್ರಿ ತಮ್ಮಾ, ಎಲಿ ಹಾಕಸ್ತೀನಿ."

ಬೀಗರ ಮಾತು ಮೀರುವಂತಿರಲಿಲ್ಲ. ಕೈ ತೊಳೆದು ಬಂದ ಸಾಹುಕಾರರು ಬೋರಲು ಹಾಕಿದ ಹಿತ್ತಾಳೆ ತಾಟಿನ ಮೇಲೆ ಹಾಳೆ ಇಟ್ಟು ನಾಲ್ಕು ಸಾಲು ಗೀಚಿದರು, ಸಹಿ ಮಾಡಿದರು, ಕೈಚೀಲದಿಂದ ಶಿಕ್ಕಾ ತೆಗೆದು ಹೊಡೆದರು. ಸೋಮೇಶನ ಮುಖ ನೋಡದೆ ಕಾಗದ ಚಾಚಿದರು. ನಾವು ಹೋಳಿಗೆಯನ್ನು ಬಾಯಲ್ಲಿ ತುರುಕಿಕೊಂಡು ಹೊರಬಿದ್ದೆವು. ಓಣಿ ದಾಟಿದ್ದೇ ಸೋಮೇಶ ಒಮ್ಮೆಲೇ ಕೇಕೆ ಹಾಕಿದ. ದಾರಿಯ ಎಮ್ಮೆಗಳು ಬೆದರಿದವು.

ಮಾಗಡಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಅಷ್ಟು ಸಮಯ ಇತ್ತು, ಎರಡೂಕಾಲು ಆಗಿತ್ತಷ್ಟೇ. ನಾನು ಎರಡು ಕಪ್ಪು ಹಿಡಿದು ತಿರುಗಿದರೆ ಅವನು ಕಾಗದವನ್ನು ಬೈಕಿನ ಸೀಟಿನ ಮೇಲೆ ಹರಡಿ, ಕಿಸೆಯ ಪೆನ್ನು ತೆಗೆದು ಏನೋ ಮಾಡುತ್ತಿದ್ದ.

"ಏನ್ ಮಾಡಾಕತ್ತೀಲೇ?"

"೨೦೦೫ರಿಂದ ಅಂತ ಬರದಾರ. ನಾ ಬಂದದ್ದು ಆರರಾಗ. ತಿದ್ದಿದೆ."

ಅವನ ಪೆನ್ನು ಐದನ್ನು ಅಡ್ಡಗೆರೆಯಿಂದ ಹೊಡೆದು, ಮೇಲೆ ಚಂದವಾಗಿ ಆರನ್ನು ಕೂರಿಸಿತ್ತು. ನಾನು ಕಪ್ಪುಗಳನ್ನು ಅಲ್ಲೇ ನೆಲಕ್ಕಿಟ್ಟೆ.

"ಹದಿನೈದು ವರ್ಷ ಸಾಕಾಗಿತ್ತಲ್ಲೋ ಮಾರಾಯಾ! ಐದಿದ್ರೇನು, ಆರಿದ್ರೇನು?"

"ತಪ್ಪಿತ್ತಲೇ..." ಎಂದವನು ಅಲ್ಲಿಗೇ ನಿಂತ. ಕಾಗದ ನೋಡಿದ. ಪೆನ್ನು ನೋಡಿದ. ಪೆನ್ನಿಗೆ ಟೊಪ್ಪಿಗೆ ಹಾಕದೆ ಹಾಗೇ ಹಿಡಿದುಕೊಂಡ. ಸಹಿ ಆದ ಕಾಗದ, ಕೇಳದೆ ತಿದ್ದಿದ ಅಂಕಿ. ಇಂಥ ಕಾಗದವನ್ನು ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ.

"ಮತ್ತ ಅದನ್ನ ಮಾಡಿದ್ನಲ್ಲೋ," ಅಂದ, ತನಗೇ ಹೇಳಿಕೊಂಡಂತೆ. ಆಮೇಲೆ ಬೈಕು ಹತ್ತಿ ಕುಳಿತ. "ತಿರುಗಿಸು."

ಶಿರಹಟ್ಟಿಯ ಮನೆಯ ಮುಂದೆ ಸಾಹುಕಾರರ ಬಿಳಿ ಕಾರು ಇರಲಿಲ್ಲ. "ಈಗಷ್ಟ ಲಕ್ಷ್ಮೇಶ್ವರದ ಹಾದಿ ಹಿಡದ್ರಲ್ಲಪಾ," ಅಂದರು ಫಕ್ಕೀರಪ್ಪಜ್ಜ, ಎಲೆ ಅಡಿಕೆ ಜಗಿಯುತ್ತ. ಗಾಡಿಯಿಂದ ನಾನು ಇಳಿಯಲೂ ಇಲ್ಲ. ಎರಡೂ ಬದಿ ಹತ್ತಿ ಒಡೆದು ಬೆಳ್ಳಗಾಗಿದ್ದ ಹೊಲಗಳು ಹಿಂದಕ್ಕೆ ಓಡಿದವು. ಹಿಂದಿನಿಂದ ಗುದ್ದು: "ಹೊಡಿಯಲೇ! ಅಗೋ, ಬಿಳೇದು!" ಅದು ಬೇರೆಯವರ ಕಾರು. ಇನ್ನೂ ಮುಂದೆ ಮತ್ತೊಂದು ಗುದ್ದು: "ಇದ ಐತಿ, ಇದ!" ನಾನು ಹಾರ್ನ್ ಒತ್ತಿ ಹಿಡಿದೆ. ಸೋಮೇಶ ಸೀಟಿನಿಂದ ಅರ್ಧ ಎದ್ದು ಕಾಗದವನ್ನು ಬಾವುಟದಂತೆ ಬೀಸಿದ. ಲಕ್ಷ್ಮೇಶ್ವರದ ಊರಬಾಗಿಲಿನಲ್ಲಿ ಕಾರು ನಿಂತಿತು.

ಪುಂಡಲೀಕಪ್ಪನವರು ಗಾಬರಿಯಿಂದ ಇಳಿದರು. "ಏನಾತಲೇ? ಮನ್ಯಾಗ ಎಲ್ಲಾರೂ ಆರಾಮ ಅದಾರಿಲ್ಲೋ?"

"ಅದಾರ್ರಿ." ಸೋಮೇಶನಿಗೆ ಏದುಸಿರು. "ನೀವು ಐದು ಬರದಿದ್ರಿ. ನಾ ಬಂದದ್ದು ಆರರಾಗ. ತಿದ್ದೀನ್ರಿ. ನಿಮ್ಮನ್ನ ಕೇಳದ ತಿದ್ದೀನಿ."

ಸಾಹುಕಾರರು ಕಾಗದ ಇಸಿದುಕೊಂಡರು. ಕಬ್ಬಿನ ಟ್ರ್ಯಾಕ್ಟರೊಂದು ಹಾಡು ಹಚ್ಚಿಕೊಂಡು ಹೋಯಿತು. ಅದು ದೂರವಾದ ಮೇಲೆ ಸೋಮೇಶನೇ ಅಂದ, "ಅವತ್ತೂ ಕೇಳಬೇಕಿತ್ರಿ. ತಪ್ಪು ನಂದ."

"ಈ ಮಾತು ಆಡಾಕ ಒಂಬತ್ತು ತಿಂಗಳು ಬೇಕಾತೇನಲೇ ಸೋಮ್ಯಾ ನಿನಗ?" ಪುಂಡಲೀಕಪ್ಪನವರು ಕನ್ನಡಕ ಹುಡುಕಿಕೊಂಡರು. ಹುಡುಕುವುದು ಸ್ವಲ್ಪ ಹೆಚ್ಚೇ ಹೊತ್ತು ನಡೆಯಿತು. ನಾನು ಎರಡನೆಯ ಹಾಳೆ ಮುಂದೆ ಹಿಡಿದೆ. "ಬ್ಯಾಡ," ಅಂದರು. "ತಿದ್ದಿದ್ದು ಕಾಣಲಿ."

ಕಾರಿನ ಬಾನೆಟ್ಟಿನ ಮೇಲೆ ಕಾಗದ ಇಟ್ಟು ಆರರ ಪಕ್ಕದಲ್ಲಿ ಸಹಿ ಮಾಡಿದರು, ಶಿಕ್ಕಾ ಒತ್ತಿದರು. ಪೆನ್ನು ಎತ್ತಿದವರು ಮತ್ತೆ ಬಗ್ಗಿ ಕೆಳಗೊಂದು ಸಾಲು ಸೇರಿಸಿ ಅದಕ್ಕೂ ಸಹಿ ಹಾಕಿದರು: 'ತಪ್ಪು ಕಂಡರೆ ಇವರು ಸುಮ್ಮನಿರುವವರಲ್ಲ.'

"ಹೋಗಲೇ, ಓಡು! ಐದಕ್ಕ ಅಂದಿಲ್ಲೇನು?"

ಮೂರೂವರೆ ದಾಟಿತ್ತು. ಮುಳಗುಂದದಲ್ಲಿ ಸಂತೆಯಂತೆ ಗಾಡಿಗಳು ಸಿಕ್ಕಿಕೊಂಡಿದ್ದವು. ಸೋಮೇಶ ಇಳಿದು, ತೋಳು ಬೀಸಿ ಪೊಲೀಸನಂತೆ ದಾರಿ ಬಿಡಿಸಿದ. ಗದಗಿನ ರೈಲ್ವೆ ಗೇಟು ಮುಚ್ಚಿತ್ತು. ಗೂಡ್ಸಿನ ಡಬ್ಬಿಗಳನ್ನು ಅವನು ದನಿ ಎತ್ತಿ ಎಣಿಸುತ್ತಿದ್ದ, ಎಣಿಸಿದರೆ ಬೇಗ ಮುಗಿಯುತ್ತವೆ ಎಂಬಂತೆ. ತರಬೇತಿ ಕೇಂದ್ರದ ಮೆಟ್ಟಿಲು ಹತ್ತಿದಾಗ ಗೋಡೆಯ ಗಡಿಯಾರದಲ್ಲಿ ನಾಲ್ಕು ಐವತ್ತೆರಡು.

ಕಾಗದ ನೋಡುವ ಮುಮ್ತಾಜ ಮೇಡಂ ಕಡತ ಕಟ್ಟುತ್ತಿದ್ದರು. ಅನುಭವ ಪತ್ರವನ್ನು ಎರಡು ಸಲ ಓದಿದರು. ತಿದ್ದಿದ ಅಂಕಿಯ ಮೇಲೆ ಬೆರಳಿಟ್ಟು ಸಹಿ ನೋಡಿದರು. ಕೊನೆಯ ಸಾಲಿಗೆ ಬಂದು ತಲೆ ಎತ್ತಿದರು.

"ಇದು ಹೊಗಳಿದ್ದೋ, ತಕರಾರೋ?"

"ಎರಡೂ ಖರೆ ರೀ ಮೇಡಂ."

ಅವರು ನಕ್ಕು ಕಾಗದವನ್ನು ಕಡತಕ್ಕೆ ಸೇರಿಸಿದರು. "ಸೋಮವಾರದಿಂದ ಬರ್ರಿ, ಸರ್."

'ಸರ್' ಎಂದು ಅವನನ್ನು ಯಾರೂ ಕರೆದಿರಲಿಲ್ಲ. ಮೆಟ್ಟಿಲಿಳಿಯುವಾಗ ನನ್ನ ಹೆಗಲು ಹಿಡಿದುಕೊಂಡು, "ಕೇಳಿದೇನಲೇ? ಸರ್ ಅಂದ್ರು," ಎಂದು ಮೂರು ಸಲ ಹೇಳಿದ.

ಹದಿಮೂರು ತಿಂಗಳು ಕಲಿಸಿದ. ಒಂದು ಬೆಳಿಗ್ಗೆ ಎದೆನೋವು ಬಂತು, ಆಸ್ಪತ್ರೆ ತಲುಪುವಷ್ಟರಲ್ಲಿ ಮುಗಿದಿತ್ತು. ಪುಂಡಲೀಕಪ್ಪನವರು ಮಣ್ಣಿಗೆ ಬಂದು ಕೊನೆಯವರೆಗೂ ನಿಂತಿದ್ದರು.

ಇದನ್ನು ಬರೆದು ಅವನ ಹೆಂಡತಿ ಅನ್ನಪೂರ್ಣಾಳಿಗೆ ಓದಿ ತೋರಿಸಿದೆ. ಒಂದೇ ಕಡೆ ಕೈ ಅಡ್ಡ ಹಿಡಿದಳು. "ನಾಲ್ಕು ಐವತ್ತಾರು ಅಂತ ಹೇಳ್ತಿದ್ರಲ್ರಿ ಅಣ್ಣಾರ ಅವರು. ನಾಲ್ಕ ನಿಮಿಷ ಉಳದಿತ್ತು ಅಂತ."

ನನಗೆ ಐವತ್ತೆರಡು ಎಂದೇ ನೆನಪು. ಪೆನ್ನು ಹಿಡಿದು ಬಹಳ ಹೊತ್ತು ಕುಳಿತೆ. ಆಮೇಲೆ ಟೊಪ್ಪಿಗೆ ಹಾಕಿ ಇಟ್ಟೆ. ತಿದ್ದಿಲ್ಲ. ಕೇಳಬೇಕಾದವನು ಇಲ್ಲ.